ಪ್ರೊಪ್ರನೊಲಾಲ್ ತೆಗೆದುಕೊಂಡ ತಿಂಗಳುಗಳು

ಪ್ರೊಪ್ರನೊಲಾಲ್ ಗುಳಿಗೆಯನ್ನು ನಾನು ತೆಗೆದುಕೊಂಡದ್ದು ಹೃದಯದ ಕಾಯಿಲೆಗಲ್ಲ, ಬಿಪಿಗೂ ಅಲ್ಲ. ಕೊರಳಿನಲ್ಲಿರುವ ಥೈರಾಯ್ಡ್ ಗ್ರಂಥಿ ಅತಿಯಾಗಿ ಕೆಲಸ ಮಾಡತೊಡಗಿದ್ದಕ್ಕೆ. ಇದು ಸೇರಿರುವ ಬೀಟಾ ಬ್ಲಾಕರ್ ಎಂಬ ಔಷಧಗಳ ಗುಂಪಿನ ಹೆಸರು ನಮ್ಮ ಮನೆಗೆ ಹೊಸದೇನೂ ಆಗಿರಲಿಲ್ಲ. ಹೃದಯಾಘಾತವಾಗಿ ಸ್ಟೆಂಟ್ ಹಾಕಿಸಿಕೊಂಡಿದ್ದ ನನ್ನ ಯಜಮಾನರು ಮೆಟೊಪ್ರೊಲಾಲ್ ತೆಗೆದುಕೊಳ್ಳುತ್ತಿದ್ದರು. ಮಾವನವರು ಕಣ್ಣಿನೊಳಗಿನ ಒತ್ತಡದ ಕಾಯಿಲೆಯಾದ ಗ್ಲಾಕೋಮಾಕ್ಕೆಂದು ಟಿಮೊಲಾಲ್ ಹನಿ ಹಾಕಿಕೊಳ್ಳುತ್ತಿದ್ದರು. ಹೀಗೆ ಒಂದೇ ಗುಂಪಿಗೆ ಸೇರಿದ ಮೂರು ಔಷಧಗಳು ಗದಗ-ಬೆಟಗೇರಿಯ ನಮ್ಮ ಮನೆಯಲ್ಲಿ ಮೂರು ಬೇರೆ ಬೇರೆ ಕೆಲಸಕ್ಕೆ ಬಳಕೆಯಾಗುತ್ತಿದ್ದವು. ಒಬ್ಬರ ಔಷಧವನ್ನು ಇನ್ನೊಬ್ಬರು ಏಕೆ ಮುಟ್ಟಬಾರದು ಎಂಬುದು ನಾನೇ ಅದನ್ನು ನುಂಗಿ, ದಿನದಿನವೂ ನಾಡಿ ಎಣಿಸಿ ನೋಡಿದ ಮೇಲೆ ನನಗೆ ಪೂರ್ತಿಯಾಗಿ ಅರ್ಥವಾಯಿತು. ದೇಹದೊಳಗೆ ಓಡಾಡುವ ಅವಸರದ ಸಂದೇಶವನ್ನು ತಡೆಯುವುದು ಈ ಔಷಧದ ಕೆಲಸ. ಯಾರ ದೇಹದಲ್ಲಿ, ಯಾವ ಅಂಗದಲ್ಲಿ, ಎಷ್ಟು ಕಾಲ ಆ ಸಂದೇಶವನ್ನು ತಡೆಯಬೇಕು ಎಂಬುದನ್ನು ತಿಳಿದು ಕೊಟ್ಟರೆ ಇದರಷ್ಟು ಉಪಕಾರಿಯಾದ ಗುಳಿಗೆ ಅಪರೂಪ; ತಿಳಿಯದೆ ನುಂಗಿದರೆ ಅಪಾಯವೂ ಅಷ್ಟೇ ಇದೆ.

ನಾನು ಪ್ರೌಢಶಾಲೆಯಲ್ಲಿ ಗಣಿತ ಕಲಿಸುವವಳು. ಕೈವಾರವಿಲ್ಲದೆ ಫಲಕದ ಮೇಲೆ ವೃತ್ತ ಬರೆಯುವುದು ವರ್ಷಗಳ ಅಭ್ಯಾಸದಿಂದ ಕೈಗೆ ಬಂದ ಕೆಲಸ. ಆ ಚಳಿಗಾಲದಲ್ಲಿ ನಾನು ಬರೆದ ವೃತ್ತಗಳ ಗೆರೆ ಹಲ್ಲುಹಲ್ಲಾಗಿ ಬರತೊಡಗಿತು. ಬೆಳಗಿನ ಪ್ರಾರ್ಥನೆಗೆ ಉಳಿದ ಶಿಕ್ಷಕರೆಲ್ಲ ಸ್ವೆಟರ್ ಹಾಕಿಕೊಂಡು ನಿಂತಿದ್ದರೆ ನನಗೆ ಮಾತ್ರ ಕತ್ತಿನ ಸುತ್ತ ಬೆವರು. ಎರಡು ರೊಟ್ಟಿ ಉಣ್ಣುತ್ತಿದ್ದವಳು ಮೂರು ಉಂಡರೂ ಕುಪ್ಪಸಗಳು ಸಡಿಲವಾಗುತ್ತ ಹೋದವು. ರಾತ್ರಿ ಎಡಮಗ್ಗುಲಾಗಿ ಮಲಗಿದರೆ ಎದೆಬಡಿತ ದಿಂಬಿನಲ್ಲಿ ಕೇಳಿಸುತ್ತಿತ್ತು. ಹತ್ತನೆಯ ತರಗತಿಯ ಪರೀಕ್ಷೆ ಹತ್ತಿರ ಬಂದದ್ದರಿಂದ ಆಗಿರುವ ಟೆನ್ಶನ್ ಇದು ಎಂದು ಸಹೋದ್ಯೋಗಿಗಳು ಹೇಳಿದರು. ಮನೆಯಲ್ಲಿಯೂ ಹಾಗೆಯೇ ಅಂದುಕೊಂಡರು.

ಆ ಮಾತನ್ನು ಒಪ್ಪದಿದ್ದವರು ನಮ್ಮ ಮನೆಯ ಹಳೆಯ ವೈದ್ಯರು. ಅವರು ಮೊದಲು ನನ್ನ ಅಂಗೈಯನ್ನು ತಮ್ಮ ಕೈಯಲ್ಲಿ ಹಿಡಿದು ನೋಡಿದರು. "ಟೆನ್ಶನ್ ಮಾಡ್ಕೊಂಡೋರ ಕೈ ತಣ್ಣಗ ಇರತಾವ್ರೀ ಟೀಚರ್, ನಿಮ್ಮವು ಬಿಸಿ ಅದಾವ" ಎಂದರು. ಆಮೇಲೆ "ಎರಡೂ ಕೈ ಮುಂದ ಚಾಚ್ರಿ, ಬೆರಳು ಅಗಲ ಮಾಡ್ರಿ" ಎಂದು ಹೇಳಿ, ತಮ್ಮ ಚೀಟಿಯ ಕಟ್ಟಿನಿಂದ ಒಂದು ಖಾಲಿ ಹಾಳೆಯನ್ನು ಹರಿದು ನನ್ನ ಚಾಚಿದ ಬೆರಳುಗಳ ಮೇಲೆ ಹಗುರವಾಗಿ ಇಟ್ಟರು. ಬೆರಳು ನಡುಗುತ್ತಿರುವುದು ನನಗೆ ಕಾಣುತ್ತಿರಲಿಲ್ಲ. ಆದರೆ ಹಾಳೆಯ ಅಂಚು ಸಣ್ಣಗೆ, ಒಂದು ಕ್ಷಣವೂ ಬಿಡುವಿಲ್ಲದೆ ಅದುರುತ್ತಿತ್ತು. ಕಣ್ಣಿಗೆ ಕಾಣದ ನಡುಕವನ್ನು ಕಾಗದ ದೊಡ್ಡದು ಮಾಡಿ ತೋರಿಸುತ್ತಿತ್ತು. ಕುಳಿತಲ್ಲಿಯೇ ನಾಡಿ 118 ಇತ್ತು. ಇಸಿಜಿಯಲ್ಲಿ ಬಡಿತದ ಲಯ ಸರಿಯಾಗಿಯೇ ಇತ್ತು, ವೇಗ ಮಾತ್ರ ಹೆಚ್ಚು. ರಾತ್ರಿ ನಾನು ನಿದ್ದೆಯಲ್ಲಿರುವಾಗ ನಾಡಿ ಎಣಿಸಿ ಬರೆದಿಡಲು ಅವರು ಯಜಮಾನರಿಗೆ ಹೇಳಿ ಕಳಿಸಿದರು. ಮನಸ್ಸಿನ ಆತಂಕದಿಂದ ಏರಿದ ನಾಡಿ ನಿದ್ದೆಯಲ್ಲಿ ಇಳಿಯುತ್ತದೆ; ಥೈರಾಯ್ಡಿನಿಂದ ಏರಿದ್ದು ನಿದ್ದೆಯಲ್ಲಿಯೂ ಹೆಚ್ಚಾಗಿಯೇ ಉಳಿಯುತ್ತದೆ. ನನ್ನದು ನಿದ್ದೆಯಲ್ಲಿಯೂ ನೂರರ ಮೇಲೆಯೇ ಇತ್ತು.

ರಕ್ತ ಪರೀಕ್ಷೆಯ ವರದಿಯಲ್ಲಿ, ಥೈರಾಯ್ಡನ್ನು ಕೆಲಸಕ್ಕೆ ಹಚ್ಚುವ ಹಾರ್ಮೋನಾದ ಟಿಎಸ್‌ಎಚ್ ಅಳತೆಗೆ ಸಿಗದಷ್ಟು ಕಡಿಮೆಯಿತ್ತು. ಥೈರಾಯ್ಡ್ ತಯಾರಿಸುವ ಟಿ3 ಮತ್ತು ಟಿ4 ಹಾರ್ಮೋನುಗಳೆರಡೂ ಮೇಲಿನ ಮಿತಿಯನ್ನು ದಾಟಿದ್ದವು. ಹಾರ್ಮೋನು ಬೇಕಾದುದಕ್ಕಿಂತ ಹೆಚ್ಚಾದಾಗ ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ 'ಇನ್ನು ಸಾಕು' ಎಂದು ತನ್ನ ಟಿಎಸ್‌ಎಚ್ ಸ್ರವಿಕೆಯನ್ನು ನಿಲ್ಲಿಸಿಬಿಡುತ್ತದೆ, ಆದ್ದರಿಂದ ಒಂದು ತಳ ಕಂಡರೆ ಇನ್ನೊಂದು ಏರಿರುತ್ತದೆ. ವೈದ್ಯರು ಚೀಟಿ ಬರೆದು ಹುಬ್ಬಳ್ಳಿಯ ಹಾರ್ಮೋನು ತಜ್ಞರ ಬಳಿಗೆ ಕಳಿಸಿದರು. ಅಲ್ಲಿ ಇದು ಗ್ರೇವ್ಸ್ ಕಾಯಿಲೆ ಎಂದು ಖಚಿತವಾಯಿತು. ದೇಹದ ರಕ್ಷಣಾ ವ್ಯವಸ್ಥೆಯೇ ತಪ್ಪಾಗಿ ತಯಾರಿಸುವ ಒಂದು ಪ್ರತಿಕಾಯ ಥೈರಾಯ್ಡ್ ಗ್ರಂಥಿಯನ್ನು ಹಗಲೂ ರಾತ್ರಿಯೂ ಚಾಲೂ ಇಡುವುದೇ ಈ ಕಾಯಿಲೆ.

ತಜ್ಞರು ಎರಡು ಔಷಧ ಬರೆದರು. ಒಂದು ಕಾರ್ಬಿಮಜೋಲ್, ಇನ್ನೊಂದು ಪ್ರೊಪ್ರನೊಲಾಲ್ 20 ಮಿಲಿಗ್ರಾಂ, ದಿನಕ್ಕೆ ಮೂರು ಸಲ. ಎರಡೇಕೆ ಎಂದು ನಾನು ಕೇಳಿದೆ. ಕಾರ್ಬಿಮಜೋಲ್ ಹೊಸ ಹಾರ್ಮೋನು ತಯಾರಾಗುವುದನ್ನು ತಡೆಯುತ್ತದೆ, ಆದರೆ ಗ್ರಂಥಿಯೊಳಗೆ ಆಗಲೇ ತಯಾರಾಗಿ ಶೇಖರವಾಗಿರುವ ಹಾರ್ಮೋನು ಖರ್ಚಾಗುವ ತನಕ ಅದರ ಗುಣ ಕಾಣುವುದಿಲ್ಲ, ಅದಕ್ಕೆ ಹಲವು ವಾರ ಹಿಡಿಯುತ್ತದೆ ಎಂದು ಅವರು ವಿವರಿಸಿದರು. "ಅಲ್ಲೀತನಕ ನಿಮ್ಮ ಎದಿ ಹಿಂಗ ಓಡಾಕ ಬಿಡೂದು ಛಲೋ ಅಲ್ರೀ" ಎಂಬುದು ಅವರ ಮಾತು. ಆ ವಾರಗಳನ್ನು ದಾಟಿಸುವ ಕೆಲಸ ಪ್ರೊಪ್ರನೊಲಾಲಿನದು. ಅದು ಥೈರಾಯ್ಡ್ ಗ್ರಂಥಿಯನ್ನು ಸರಿಪಡಿಸುವುದಿಲ್ಲ. ಹೆಚ್ಚಿನ ಪ್ರಮಾಣದಲ್ಲಿ ಕೊಟ್ಟಾಗ ಟಿ4 ಹಾರ್ಮೋನು ಹೆಚ್ಚು ಪ್ರಬಲವಾದ ಟಿ3 ಆಗಿ ಬದಲಾಗುವುದನ್ನು ಸ್ವಲ್ಪ ತಗ್ಗಿಸುತ್ತದೆ ಎಂಬುದು ನಿಜ, ಆದರೂ ಮುಖ್ಯ ಪ್ರಯೋಜನ ಹೃದಯ ಮತ್ತು ಸ್ನಾಯುಗಳ ಮೇಲೆ ಆಗುವುದು.

ಚೀಟಿ ಬರೆಯುವ ಮೊದಲು ಅವರು ಕೇಳಿದ ಪ್ರಶ್ನೆಗಳನ್ನು ನಾನು ಇಲ್ಲಿ ದಾಖಲಿಸಲೇಬೇಕು, ಏಕೆಂದರೆ ಇಡೀ ಔಷಧದ ಸ್ವಭಾವ ಆ ಪ್ರಶ್ನೆಗಳಲ್ಲಿಯೇ ಅಡಗಿತ್ತು. ಸಣ್ಣಾಕಿ ಇದ್ದಾಗ ದಮ್ಮು ಇತ್ತೇನು, ಈಗಲೂ ಚಳಿಗಾಲದಲ್ಲಿ ಎದೆಯಲ್ಲಿ ಸುಂಯ್ ಎಂದು ಸಪ್ಪಳವಾಗುತ್ತದೆಯೇನು ಎಂದು ಎರಡೆರಡು ಸಲ ಕೇಳಿದರು. ಶುಗರ್ ಇದೆಯೇ, ಇನ್ಸುಲಿನ್ ತೆಗೆದುಕೊಳ್ಳುತ್ತೀರಾ ಎಂದು ಕೇಳಿದರು. ಎಂದಾದರೂ ಕಣ್ಣು ಕತ್ತಲೆಗಟ್ಟಿ ಬಿದ್ದದ್ದುಂಟೇ, ಚಳಿಗೆ ಬೆರಳು ಬೆಳ್ಳಗಾಗಿ ಮರಗಟ್ಟುತ್ತವೆಯೇ, ಬಿಪಿಗೆಂದು ವೆರಪಮಿಲ್ ಅಥವಾ ಡಿಲ್ಟಿಯಾಜೆಮ್ ಏನಾದರೂ ನಡೆದಿದೆಯೇ ಎಂದು ವಿಚಾರಿಸಿದರು. ಗದಗಿನಲ್ಲಿ ತೆಗೆದಿದ್ದ ಇಸಿಜಿಯ ಪಟ್ಟಿಯನ್ನು ಬೆಳಕಿಗೆ ಹಿಡಿದು, ಹೃದಯದ ಮೇಲಿನ ಕೋಣೆಯಿಂದ ಕೆಳಗಿನ ಕೋಣೆಗೆ ವಿದ್ಯುತ್ ಸಂಕೇತ ತಡವಿಲ್ಲದೆ ದಾಟುತ್ತಿದೆಯೇ ಎಂದು ನೋಡಿದರು. ಆ ದಾರಿಯಲ್ಲಿ ಮೊದಲೇ ತಡೆ ಇರುವವರಿಗೆ ಬೀಟಾ ಬ್ಲಾಕರ್ ಕೊಟ್ಟರೆ ಬಡಿತ ಅಪಾಯಕಾರಿಯಾಗಿ ನಿಧಾನವಾಗಬಹುದು. ವೆರಪಮಿಲ್ ಜೊತೆಗೆ ಸೇರಿದರೂ ಹಾಗೆಯೇ ಆಗುತ್ತದೆ. ಇಷ್ಟು ಕೇಳಿಯೇ ಗುಳಿಗೆ ಬರೆಯುವ ವೈದ್ಯರ ಮೇಲೆ ನನಗೆ ಅಂದಿನಿಂದ ತುಂಬಾ ಗೌರವ.

ಮರುದಿನ ಬೆಳಿಗ್ಗೆ ಉಪಾಹಾರವಾದ ಮೇಲೆ ಮೊದಲ ಗುಳಿಗೆ ನುಂಗಿದೆ. ಗಡಿಯಾರದ ಸೆಕೆಂಡಿನ ಮುಳ್ಳು ನೋಡುತ್ತ ಮಣಿಕಟ್ಟಿನ ಹೆಬ್ಬೆರಳ ಬದಿಗೆ ಎರಡು ಬೆರಳಿಟ್ಟು ಒಂದು ಪೂರ್ತಿ ನಿಮಿಷ ಎಣಿಸುವುದನ್ನು ತಜ್ಞರ ಬಳಿಯಿದ್ದ ನರ್ಸ್ ಕಲಿಸಿಕೊಟ್ಟಿದ್ದರು. ಗುಳಿಗೆಗೆ ಮುಂಚೆ 116 ಇತ್ತು. ಒಂದು ತಾಸಿಗೆ ನೂರರ ಆಸುಪಾಸಿಗೆ ಬಂತು, ಎರಡು ತಾಸಿಗೆ 92ಕ್ಕೆ ಇಳಿಯಿತು. ಎದೆಯೊಳಗಿನ ಆ ಗುದ್ದಾಟ ನಿಂತಾಗ ಅದು ಅಷ್ಟು ದಿನ ಎಷ್ಟು ದಣಿಸಿತ್ತು ಎಂಬುದು ತಿಳಿಯಿತು. ಮಧ್ಯಾಹ್ನದ ಹೊತ್ತಿಗೆ ಮತ್ತೆ ನಿಧಾನವಾಗಿ ಏರತೊಡಗಿದ್ದನ್ನೂ ಕಂಡೆ. ಪ್ರೊಪ್ರನೊಲಾಲ್ ರಕ್ತದಿಂದ ಅರ್ಧದಷ್ಟು ಕರಗಿ ಹೋಗಲು ಮೂರರಿಂದ ಆರು ತಾಸು ಸಾಕು; ದಿನಕ್ಕೆ ಮೂರು ಸಲ ಬರೆದದ್ದು ಅದಕ್ಕೇ. ಶಾಲೆಯಲ್ಲಿ ಮಧ್ಯಾಹ್ನದ ಬಿಸಿಯೂಟದ ಗಂಟೆಯನ್ನೇ ನಾನು ಎರಡನೆಯ ಗುಳಿಗೆಯ ಗುರುತಾಗಿ ಇಟ್ಟುಕೊಂಡೆ.

ಈ ಔಷಧ ಒಳಗೆ ಏನು ಮಾಡುತ್ತದೆ ಎಂಬುದನ್ನು ಹೇಳುವಾಗ ನಮ್ಮ ಕಡೆಯ ಬಸ್ ನಿಲ್ದಾಣದ ದೃಶ್ಯ ನೆರವಿಗೆ ಬರುತ್ತದೆ. ಗದಗದಿಂದ ಅಣ್ಣಿಗೇರಿಯ ಮೇಲೆ ಹುಬ್ಬಳ್ಳಿಗೆ ಹೋಗುವ ಬಸ್ಸು ನಿಲ್ದಾಣಕ್ಕೆ ಬಂದೊಡನೆ ಜನ ಕಿಟಕಿಯಿಂದ ಟವೆಲ್ಲು ಎಸೆದು ಸೀಟು ಹಿಡಿಯುತ್ತಾರೆ. ಟವೆಲ್ಲಿಗೆ ಊರಿಗೆ ಹೋಗುವ ಕೆಲಸವಿಲ್ಲ, ಆದರೆ ಅದು ಅಲ್ಲಿ ಇರುವ ತನಕ ಬೇರೆಯವರು ಕೂರುವಂತಿಲ್ಲ. ನಮ್ಮ ಜೀವಕೋಶಗಳ ಮೇಲೆ ಅಡ್ರಿನಾಲಿನ್ ಮತ್ತು ನಾರ್‌ಅಡ್ರಿನಾಲಿನ್ ಬಂದು ಕೂರುವುದಕ್ಕೆಂದೇ ಇರುವ ಗ್ರಾಹಕಗಳು ಆ ಸೀಟುಗಳು. ಅಡ್ರಿನಾಲಿನ್ ಕೂತರೆ ಕೋಶದೊಳಗೆ ಒಂದರ ಹಿಂದೊಂದು ಕ್ರಿಯೆ ನಡೆದು ಕ್ಯಾಲ್ಸಿಯಂ ಒಳಸೇರುತ್ತದೆ. ಹೃದಯ ಬೇಗಬೇಗ ಮತ್ತು ಜೋರಾಗಿ ಬಡಿಯುತ್ತದೆ. ಬೀಟಾ ಬ್ಲಾಕರ್ ಟವೆಲ್ಲಿನಂತೆ ಬಂದು ಕೂರುತ್ತದೆ, ತಾನೇನೂ ಕ್ರಿಯೆ ನಡೆಸುವುದಿಲ್ಲ, ಅಡ್ರಿನಾಲಿನ್‌ಗೆ ಜಾಗವನ್ನೂ ಬಿಡುವುದಿಲ್ಲ. ವಿಪರೀತ ಗದ್ದಲವಾದರೆ ಟವೆಲ್ಲನ್ನು ಸರಿಸಿ ಕೂರುವವರೂ ಇರುತ್ತಾರೆ. ಹಾಗೆಯೇ ಅಡ್ರಿನಾಲಿನ್ ಬಹಳ ಹೆಚ್ಚಾದಾಗ ಈ ತಡೆಯನ್ನು ಒಂದಿಷ್ಟು ಮೀರುತ್ತದೆ. ಥೈರಾಯ್ಡ್ ಹಾರ್ಮೋನು ಹೆಚ್ಚಾದವರ ಹೃದಯದಲ್ಲಿ ಇಂಥ ಸೀಟುಗಳ ಸಂಖ್ಯೆಯೇ ಹೆಚ್ಚುತ್ತದೆ. ಆದ್ದರಿಂದಲೇ ನನ್ನ ರಕ್ತದಲ್ಲಿ ಅಡ್ರಿನಾಲಿನ್ ಮಾಮೂಲಿ ಪ್ರಮಾಣದಲ್ಲಿದ್ದರೂ ದೇಹ ಓಟಕ್ಕೆ ನಿಂತವರಂತೆ ವರ್ತಿಸುತ್ತಿತ್ತು.

ಗ್ರಾಹಕಗಳಲ್ಲಿ ಆಲ್ಫಾ, ಬೀಟಾ ಎಂಬ ಎರಡು ಬಗೆಗಳಿವೆ ಎಂದು 1948ರಲ್ಲಿ ಸೂಚಿಸಿದವರು ಅಮೆರಿಕದ ರೇಮಂಡ್ ಆಲ್‌ಕ್ವಿಸ್ಟ್. ಹೃದಯಕ್ಕೆ ಹೆಚ್ಚು ಆಮ್ಲಜನಕ ಒದಗಿಸುವುದರ ಬದಲು ಹೃದಯದ ಬೇಡಿಕೆಯನ್ನೇ ತಗ್ಗಿಸಿದರೆ ಎದೆನೋವು ಕಡಿಮೆಯಾಗಬೇಕಲ್ಲವೇ ಎಂದು ಯೋಚಿಸಿ, ಆ ಸಿದ್ಧಾಂತವನ್ನು ಔಷಧವಾಗಿ ಮಾಡಿದವರು ಸ್ಕಾಟ್ಲೆಂಡಿನ ಜೇಮ್ಸ್ ಬ್ಲ್ಯಾಕ್. ಅವರ ತಂಡದ ಮೊದಲ ಔಷಧ ಪ್ರೊನೆಥಲಾಲ್ ಇಲಿಗಳಲ್ಲಿ ಗಡ್ಡೆ ಉಂಟುಮಾಡಿದ್ದರಿಂದ ಅದನ್ನು ಕೈಬಿಡಬೇಕಾಯಿತು. ಅದರ ನಂತರ 1960ರ ದಶಕದ ನಡುವೆ ಬಂದದ್ದೇ ಪ್ರೊಪ್ರನೊಲಾಲ್. ಬ್ಲ್ಯಾಕ್ ಅವರಿಗೆ 1988ರಲ್ಲಿ ನೊಬೆಲ್ ಬಹುಮಾನ ದೊರೆಯಿತು. ಅರವತ್ತು ವರ್ಷ ಹಿಂದಿನ ಆ ಗುಳಿಗೆ ಇಂದಿಗೂ ಗದಗಿನ ಸಾಮಾನ್ಯ ಔಷಧ ಅಂಗಡಿಯಲ್ಲಿ ಎಲ್ಲರ ಕೈಗೆಟುಕುವ ಬೆಲೆಗೆ ಸಿಗುತ್ತದೆ ಎಂಬುದು ನನಗೆ ನಿಜಕ್ಕೂ ಸಂತೋಷದ ಸಂಗತಿ.

ಬೀಟಾ ಗ್ರಾಹಕಗಳಲ್ಲಿಯೂ ಒಳಭೇದಗಳಿವೆ. ಬೀಟಾ-1 ಮುಖ್ಯವಾಗಿ ಹೃದಯದಲ್ಲಿಯೂ ಮೂತ್ರಪಿಂಡದಲ್ಲಿಯೂ ಇದೆ. ಮೂತ್ರಪಿಂಡದಲ್ಲಿ ಅದನ್ನು ತಡೆದರೆ ರೆನಿನ್ ಎಂಬ ವಸ್ತುವಿನ ಸ್ರವಿಕೆ ಕಡಿಮೆಯಾಗಿ ಬಿಪಿ ಇಳಿಯಲು ನೆರವಾಗುತ್ತದೆ. ಬೀಟಾ-2 ಶ್ವಾಸನಾಳಗಳಲ್ಲಿ, ರಕ್ತನಾಳಗಳಲ್ಲಿ, ಕೈಕಾಲಿನ ಸ್ನಾಯುಗಳಲ್ಲಿ ಇದೆ. ಪ್ರೊಪ್ರನೊಲಾಲ್ ಎರಡನ್ನೂ ತಡೆಯುತ್ತದೆ. ಯಜಮಾನರ ಮೆಟೊಪ್ರೊಲಾಲ್, ಹಾಗೆಯೇ ಅಟೆನೊಲಾಲ್, ಬಿಸೊಪ್ರೊಲಾಲ್ ಮುಂತಾದವು ಬಹುಮಟ್ಟಿಗೆ ಬೀಟಾ-1ನ್ನು ಮಾತ್ರ ತಡೆಯುತ್ತವೆ, ಆದರೆ ಪ್ರಮಾಣ ಹೆಚ್ಚಿದಂತೆ ಆ ಆಯ್ಕೆ ಸಡಿಲವಾಗುತ್ತದೆ. ಕೈನಡುಕ ಹುಟ್ಟುವುದು ಸ್ನಾಯುಗಳ ಬೀಟಾ-2ರಿಂದಾದ್ದರಿಂದ ನನಗೆ ಎರಡನ್ನೂ ತಡೆಯುವ ಔಷಧವೇ ಬೇಕಿತ್ತು. ಕೆಲವೇ ದಿನಗಳಲ್ಲಿ ಫಲಕದ ಮೇಲಿನ ವೃತ್ತ ದುಂಡಗಾಯಿತು. ವಿನಾಕಾರಣ ಕೈ ನಡುಗುವ ಕಾಯಿಲೆಗೂ, ಪದೇ ಪದೇ ಬರುವ ಅರೆತಲೆನೋವನ್ನು ತಡೆಯಲೂ, ಯಕೃತ್ತಿನ ಕಾಯಿಲೆಯಲ್ಲಿ ಅನ್ನನಾಳದ ಊದಿದ ರಕ್ತನಾಳಗಳು ಒಡೆಯದಂತೆ ನೋಡಿಕೊಳ್ಳಲೂ ಇದೇ ಪ್ರೊಪ್ರನೊಲಾಲ್ ಬಳಸುತ್ತಾರೆ. ಎಳೆಗೂಸುಗಳ ಮೈಮೇಲಿನ ಕೆಂಪು ರಕ್ತನಾಳದ ಗಡ್ಡೆಗಳು ಇದರಿಂದ ಕರಗುತ್ತವೆ ಎಂಬುದನ್ನು ಫ್ರಾನ್ಸಿನ ಬೋರ್ಡೋ ನಗರದ ವೈದ್ಯರು ಬೇರೊಂದು ಕಾರಣಕ್ಕೆ ಔಷಧ ಕೊಟ್ಟಾಗ ಗಮನಿಸಿ 2008ರಲ್ಲಿ ಪ್ರಕಟಿಸಿದರು.

ಯಜಮಾನರ ಕಥೆ ಬೇರೆ. ಹೃದಯಾಘಾತದ ನಂತರ ಅವರ ಹೃದಯದ ಪಂಪು ದುರ್ಬಲವಾಗಿತ್ತು. ಎಕೋ ಪರೀಕ್ಷೆಯಲ್ಲಿ ಪ್ರತಿ ಬಡಿತಕ್ಕೆ ಹೊರಹೋಗುವ ರಕ್ತದ ಪಾಲು ಶೇಕಡಾ 38 ಎಂದು ಬಂದಿತ್ತು. ದುರ್ಬಲ ಹೃದಯಕ್ಕೆ ಬಡಿತದ ಜೋರನ್ನು ತಗ್ಗಿಸುವ ಗುಳಿಗೆ ಕೊಡುವುದು ಮೇಲುನೋಟಕ್ಕೆ ತಿರುಗುಮುರುಗಾದ ಚಿಕಿತ್ಸೆಯಂತೆ ಕಾಣುತ್ತದೆ, ಒಂದು ಕಾಲಕ್ಕೆ ವೈದ್ಯರೂ ಇದನ್ನು ನಿಷಿದ್ಧವೆಂದೇ ತಿಳಿದಿದ್ದರು. ಸ್ವೀಡನ್ನಿನ ಕೆಲವು ವೈದ್ಯರು 1975ರಲ್ಲಿ ಇಂಥ ರೋಗಿಗಳಿಗೆ ಬೀಟಾ ಬ್ಲಾಕರ್ ಕೊಟ್ಟು ಸುಧಾರಣೆ ಕಂಡದ್ದನ್ನು ವರದಿ ಮಾಡಿದರು. 1999ರಲ್ಲಿ ಬಿಸೊಪ್ರೊಲಾಲ್ ಮತ್ತು ಮೆಟೊಪ್ರೊಲಾಲ್ ಮೇಲಿನ ಎರಡು ದೊಡ್ಡ ಅಧ್ಯಯನಗಳು ಪ್ರಕಟವಾಗಿ, ಸಾವಿನ ಪ್ರಮಾಣ ಮೂರನೆಯ ಒಂದು ಭಾಗದಷ್ಟು ತಗ್ಗುವುದನ್ನು ತೋರಿಸಿದವು. ದುರ್ಬಲ ಹೃದಯವನ್ನು ಅಡ್ರಿನಾಲಿನ್ ಹಗಲಿರುಳು ಹೊಡೆದೋಡಿಸುತ್ತಿರುತ್ತದೆ, ಆ ಓಟವೇ ಕ್ರಮೇಣ ಅದನ್ನು ಹಾಳುಮಾಡುತ್ತದೆ. ಬಡಿತ ನಿಧಾನವಾದರೆ ಎರಡು ಬಡಿತಗಳ ನಡುವಿನ ಬಿಡುವು ದೊಡ್ಡದಾಗುತ್ತದೆ. ಹೃದಯದ ಸ್ವಂತ ರಕ್ತನಾಳಗಳಿಗೆ ರಕ್ತ ತುಂಬುವುದು ಬಹುಪಾಲು ಆ ಬಿಡುವಿನಲ್ಲಿಯೇ. ಆದರೆ ಇದನ್ನು ಬಹಳ ಸಣ್ಣ ಪ್ರಮಾಣದಿಂದ ಆರಂಭಿಸಿ, ವಾರಗಟ್ಟಲೆ ಕಾದು, ಹಂತಹಂತವಾಗಿ ಏರಿಸಬೇಕಾಗುತ್ತದೆ. ಕಾಲು ಬಾತು ಉಸಿರು ಕಟ್ಟುತ್ತಿರುವಾಗ ಹೊಸದಾಗಿ ಆರಂಭಿಸುವಂತಿಲ್ಲ. ಅವರ ಗುಳಿಗೆ ಇಡೀ ದಿನ ನಿಧಾನವಾಗಿ ಬಿಡುಗಡೆಯಾಗುವಂಥದ್ದು. ಅದರ ನಡುವಿನ ಗೆರೆಯ ಮೇಲೆ ಎರಡು ಹೋಳು ಮಾಡಬಹುದು, ಆದರೆ ಪುಡಿ ಮಾಡಬಾರದು, ಅಗಿಯಲೂಬಾರದು; ಹಾಗೆ ಮಾಡಿದರೆ ಇಡೀ ದಿನದ ಔಷಧ ಒಮ್ಮೆಲೇ ರಕ್ತಕ್ಕೆ ಸೇರುತ್ತದೆ.

ಅಡ್ಡ ಪರಿಣಾಮಗಳ ವಿಷಯಕ್ಕೆ ಬರುತ್ತೇನೆ. ನನಗೆ ಮೊದಲು ಕಾಣಿಸಿದ್ದು ತಣ್ಣನೆಯ ಬೆರಳುಗಳು. ಕೆಲವೇ ವಾರಗಳ ಹಿಂದೆ ಬಿಸಿಯಾಗಿದ್ದ ಕೈಗಳು ಈಗ ಬೆಳಗಿನ ಹೊತ್ತು ತಣ್ಣೀರಲ್ಲಿ ಅದ್ದಿದಂತಿರುತ್ತಿದ್ದವು. ರಕ್ತನಾಳಗಳನ್ನು ಹಿಗ್ಗಿಸುವ ಬೀಟಾ-2ಗೆ ತಡೆಬಿದ್ದುದರ ಫಲ ಅದು. ಶಾಲೆಯ ಮೇಲಂತಸ್ತಿನ ಮೆಟ್ಟಿಲು ಹತ್ತುವಾಗ ಕಾಲು ಭಾರವೆನಿಸುತ್ತಿತ್ತು. ಶ್ರಮ ಬಿದ್ದಾಗ ಹೃದಯ ತನ್ನ ವೇಗ ಏರಿಸಿಕೊಳ್ಳಬೇಕು, ಆ ಏರಿಕೆಗೇ ಈ ಔಷಧ ಮಿತಿ ಹಾಕುತ್ತದೆ, ಹೀಗಾಗಿ ಆಯಾಸ ಸಹಜ. ನೆಲದ ಮೇಲೆ ಕುಳಿತು ಉಂಡು ಒಮ್ಮೆಲೇ ಎದ್ದರೆ ತಲೆ ಗಿರ್ರೆನ್ನುತ್ತಿತ್ತು. ಗೋಡೆ ಹಿಡಿದು ನಿಧಾನವಾಗಿ ಏಳುವುದನ್ನು ರೂಢಿ ಮಾಡಿಕೊಂಡೆ. ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಕನಸುಗಳು. ಬಣ್ಣ, ದನಿ, ಮುಖಗಳೆಲ್ಲ ಎಷ್ಟು ಸ್ಪಷ್ಟವಾಗಿರುತ್ತಿದ್ದವೆಂದರೆ ಎಚ್ಚರಾದ ಮೇಲೆಯೂ ಕೆಲಹೊತ್ತು ಅದೇ ನಿಜವೆನಿಸುತ್ತಿತ್ತು. ಪ್ರೊಪ್ರನೊಲಾಲ್ ಕೊಬ್ಬಿನಲ್ಲಿ ಸುಲಭವಾಗಿ ಕರಗುವ ಔಷಧವಾದ್ದರಿಂದ ಮಿದುಳಿಗೂ ದಾಟುತ್ತದೆ. ಅಟೆನೊಲಾಲ್‌ನಂಥ ನೀರಿನಲ್ಲಿ ಕರಗುವವು ಅಷ್ಟಾಗಿ ದಾಟುವುದಿಲ್ಲ. ತಜ್ಞರಿಗೆ ಇದನ್ನು ಫೋನಿನಲ್ಲಿ ತಿಳಿಸಿದಾಗ ರಾತ್ರಿಯ ಗುಳಿಗೆಯನ್ನು ಸಂಜೆಗೆ ಸರಿಸಿದರು, ಕನಸುಗಳ ಕಾಟ ಬಹಳಮಟ್ಟಿಗೆ ತಗ್ಗಿತು. ಗಂಡಸರಲ್ಲಿ ಲೈಂಗಿಕ ತೊಂದರೆಯೂ ಆಗಬಹುದು, ಸಂಕೋಚದಿಂದ ಯಾರೂ ಬಾಯಿಬಿಡುವುದಿಲ್ಲ. ಬಾಯಿಬಿಟ್ಟು ಹೇಳಿದರೆ ವೈದ್ಯರ ಬಳಿ ಬೇರೆ ದಾರಿಗಳಿರುತ್ತವೆ ಎಂಬುದನ್ನು ಈ ಬರಹ ಓದುವ ಗಂಡಸರಿಗೆ ಸ್ಪಷ್ಟವಾಗಿ ಹೇಳಬಯಸುತ್ತೇನೆ.

ಶುಗರ್ ಇರುವವರಿಗೆ ಇನ್ನೊಂದು ಎಚ್ಚರಿಕೆ ಇದೆ. ಇನ್ಸುಲಿನ್ ಅಥವಾ ಕೆಲವು ಗುಳಿಗೆಗಳಿಂದ ಸಕ್ಕರೆ ತೀರಾ ಇಳಿದಾಗ ಎದೆ ಹೊಡೆದುಕೊಂಡು, ಕೈನಡುಗಿ ದೇಹ ಸೂಚನೆ ಕೊಡುತ್ತದೆ. ಬೀಟಾ ಬ್ಲಾಕರ್ ಆ ಎರಡೂ ಸೂಚನೆಗಳನ್ನು ಮರೆಮಾಡುತ್ತದೆ, ಬೆವರುವುದು ಮಾತ್ರ ಉಳಿಯುತ್ತದೆ. ಯಜಮಾನರಿಗೆ ಶುಗರೂ ಇರುವುದರಿಂದ, ಕಾರಣವಿಲ್ಲದೆ ಬೆವರು ಬಂದರೆ ಮೊದಲು ಗ್ಲುಕೋಮೀಟರಿನಲ್ಲಿ ಸಕ್ಕರೆ ನೋಡುವುದು ನಮ್ಮ ಮನೆಯ ಪದ್ಧತಿಯಾಗಿದೆ. ನೆಗಡಿಯಾದಾಗ ಮೂಗು ಬಿಡಿಸುವ ಗುಳಿಗೆಯನ್ನು ಅಂಗಡಿಯಿಂದ ತಾವಾಗಿಯೇ ತಂದು ನುಂಗುವುದೂ ಸರಿಯಲ್ಲ. ಅಂಥವುಗಳಲ್ಲಿ ರಕ್ತನಾಳ ಬಿಗಿಯುವ ಅಂಶವಿರುತ್ತದೆ, ಪ್ರೊಪ್ರನೊಲಾಲ್ ಜೊತೆ ಸೇರಿದಾಗ ಬಿಪಿ ಏರಬಹುದು.

ಮಾವನವರ ವಿಷಯ ಹೊರಗೆ ಬಂದದ್ದು ನನ್ನ ನಾಡಿ ಎಣಿಸುವ ಅಭ್ಯಾಸದಿಂದಲೇ. "ನಂದೂ ಒಂದೀಟು ನೋಡವ್ವಾ" ಎಂದು ಒಂದು ಸಂಜೆ ಕೈ ಮುಂದೆ ಮಾಡಿದರು. ನಿಮಿಷಕ್ಕೆ 46 ಬಂತು. ಮತ್ತೆ ಎಣಿಸಿದರೂ ಅಷ್ಟೇ. ಕೆಲವು ತಿಂಗಳಿಂದ ಅವರಿಗೆ ಸುಸ್ತು, ನಡೆದರೆ ತಲೆಸುತ್ತು ಇತ್ತು. ಎಂಬತ್ತು ದಾಟಿದ ವಯಸ್ಸು, ಹೀಗೇ ಇರುತ್ತದೆ ಎಂದು ಎಲ್ಲರೂ ಭಾವಿಸಿದ್ದೆವು. ಕಣ್ಣಿಗೆ ಹಾಕುವ ಹನಿ ಹೃದಯಕ್ಕೆ ಹೇಗೆ ಮುಟ್ಟುತ್ತದೆ ಎಂದು ಯಾರಿಗಾದರೂ ಅನಿಸುವುದು ಸಹಜ. ಟಿಮೊಲಾಲ್ ಕಣ್ಣಿನೊಳಗಿನ ದ್ರವ ತಯಾರಾಗುವುದನ್ನು ಕಡಿಮೆ ಮಾಡಿ ಒತ್ತಡ ಇಳಿಸುತ್ತದೆ. ಆದರೆ ಹನಿಯ ಒಂದು ಪಾಲು ಕಣ್ಣೀರಿನ ನಾಳದ ಮೂಲಕ ಮೂಗಿಗೆ ಇಳಿದು, ಅಲ್ಲಿಂದ ಯಕೃತ್ತಿಗೆ ಹೋಗದೆ ನೇರವಾಗಿ ರಕ್ತಕ್ಕೆ ಸೇರುತ್ತದೆ. ಬಾಯಿಂದ ನುಂಗಿದ ಔಷಧದ ಒಂದು ಭಾಗವನ್ನು ಯಕೃತ್ತು ಮೊದಲೇ ಒಡೆದು ಹಾಕುತ್ತದೆ, ಹನಿಗೆ ಆ ತಡೆಯಿಲ್ಲ. ಹನಿ ಹಾಕಿದ ಮೇಲೆ ಕಣ್ಣು ಮುಚ್ಚಿ, ಮೂಗಿನ ಪಕ್ಕದ ಕಣ್ಣಿನ ಮೂಲೆಯನ್ನು ಬೆರಳಿನಿಂದ ಒಂದೆರಡು ನಿಮಿಷ ಒತ್ತಿ ಹಿಡಿದರೆ ಹೀಗೆ ಸೇರುವುದು ಕಡಿಮೆಯಾಗುತ್ತದೆ. ಕಣ್ಣಿನ ವೈದ್ಯರು ಇಸಿಜಿ ನೋಡಿ ಟಿಮೊಲಾಲ್ ನಿಲ್ಲಿಸಿ ಬೇರೆ ಗುಂಪಿನ ಹನಿ ಬರೆದುಕೊಟ್ಟರು. ಮಾವನವರ ನಾಡಿ ಅರವತ್ತರ ಮೇಲೆ ಬಂತು, ಮತ್ತೆ ಬೆಳಿಗ್ಗೆ ವೀರನಾರಾಯಣ ಗುಡಿಯ ತನಕ ನಡೆದು ಹೋಗಿ ಬರತೊಡಗಿದರು. ಯಾವುದೇ ವೈದ್ಯರ ಬಳಿಗೆ ಹೋದರೂ ತೆಗೆದುಕೊಳ್ಳುವ ಔಷಧಗಳ ಪಟ್ಟಿಯಲ್ಲಿ ಕಣ್ಣಿನ ಹನಿಯನ್ನೂ ಬರೆಯಬೇಕು ಎಂದು ನಾನು ಅಂದಿನಿಂದ ಕಂಡವರಿಗೆಲ್ಲ ಹೇಳುತ್ತಿದ್ದೇನೆ.

ಧಾರವಾಡದಲ್ಲಿ ಹಿಂದುಸ್ತಾನಿ ಗಾಯನ ಕಲಿಯುತ್ತಿರುವ ನನ್ನ ತಂಗಿಯ ಮಗಳು ಆ ದಿನಗಳಲ್ಲಿಯೇ ನಮ್ಮ ಮನೆಗೆ ಬಂದಿದ್ದಳು. ವೇದಿಕೆ ಹತ್ತಿದೊಡನೆ ಅವಳಿಗೆ ತಂಬೂರಿ ಹಿಡಿದ ಕೈ ನಡುಗುತ್ತದೆ, ಗಂಟಲು ಒಣಗುತ್ತದೆ. "ದೊಡ್ಡವ್ವಾ, ನಿನ್ನ ಗುಳಿಗಿ ಒಂದು ತಗೊಂಡ್ರ ಎದಿ ಹೊಡಕೊಳ್ಳೂದು ನಿಲ್ಲತೈತಂತಲ್ಲ, ನಮ್ಮ ಕ್ಲಾಸಿನ್ಯಾಗ ಹೇಳತಿದ್ರು" ಎಂದಳು. ಅವಳು ಕೇಳಿದ್ದರಲ್ಲಿ ಸುಳ್ಳಿರಲಿಲ್ಲ. ವೇದಿಕೆಯ ಅಳುಕಿಗೆ ಪ್ರೊಪ್ರನೊಲಾಲನ್ನು ಸಣ್ಣ ಪ್ರಮಾಣದಲ್ಲಿ ಬಳಸುವುದು ಎಷ್ಟೋ ದೇಶಗಳ ಸಂಗೀತಗಾರರಲ್ಲಿ ರೂಢಿಯಲ್ಲಿದೆ. ಅದು ಮನಸ್ಸಿನ ಭಯವನ್ನು ತೆಗೆಯುವುದಿಲ್ಲ, ಭಯದಿಂದ ದೇಹದಲ್ಲಾಗುವ ನಡುಕ ಮತ್ತು ಬಡಿತವನ್ನು ತಡೆಯುತ್ತದೆ. ಕೈ ಸ್ಥಿರವಾಗುವುದರಿಂದ ಅನುಚಿತ ಲಾಭ ಸಿಗುತ್ತದೆಂದು ಬಿಲ್ಲುಗಾರಿಕೆ ಮತ್ತು ಶೂಟಿಂಗ್ ಸ್ಪರ್ಧೆಗಳಲ್ಲಿ ಈ ಗುಂಪಿನ ಔಷಧಗಳಿಗೆ ನಿಷೇಧವೂ ಇದೆ. ಆದರೆ ನನ್ನ ತಂಗಿಯ ಮಗಳಿಗೆ ಸಣ್ಣವಳಿದ್ದಾಗಿನಿಂದ ದಮ್ಮು ಇದೆ, ಚೀಲದಲ್ಲಿ ಇನ್‌ಹೇಲರ್ ಇಲ್ಲದೆ ಅವಳು ಮನೆ ಬಿಡುವುದಿಲ್ಲ. ಆ ಇನ್‌ಹೇಲರಿನಲ್ಲಿರುವ ಸಾಲ್ಬುಟಮಾಲ್ ಶ್ವಾಸನಾಳದ ಬೀಟಾ-2 ಗ್ರಾಹಕಗಳ ಮೇಲೆ ಕುಳಿತೇ ನಾಳವನ್ನು ಅಗಲ ಮಾಡುವುದು. ಅದೇ ಜಾಗವನ್ನು ಪ್ರೊಪ್ರನೊಲಾಲ್ ಹಿಡಿದಿಟ್ಟರೆ ಒಂದೇ ಗುಳಿಗೆಯಿಂದ ನಾಳ ಬಿಗಿದು ಉಸಿರು ಕಟ್ಟಬಹುದು, ಆಗ ಇನ್‌ಹೇಲರ್ ಸೇದಿದರೂ ಅದರ ಗುಣ ಬಾರದೆ ಹೋಗಬಹುದು. ಇದನ್ನು ಕಾಗದದ ಮೇಲೆ ಚಿತ್ರ ಬರೆದು ಅವಳಿಗೆ ತೋರಿಸಿದೆ, ಗುಳಿಗೆ ಕೊಡಲಿಲ್ಲ. ಅವಳ ಗುರುಗಳು ಕಚೇರಿಗೆ ಮುಂಚೆ ಅರ್ಧ ತಾಸು ಷಡ್ಜ ಸಾಧನೆ ಮಾಡಿಸುತ್ತಾರೆ, ಅದರಿಂದಲೇ ಅವಳಿಗೆ ಅನುಕೂಲವಾಗಿದೆ.

ಕಾರ್ಬಿಮಜೋಲ್ ಹಿಡಿತಕ್ಕೆ ಬಂದಂತೆ ಒಂದು ಹೊಸ ಸಂಗತಿ ಗಮನಕ್ಕೆ ಬಂತು: ಅದೇ 20 ಮಿಲಿಗ್ರಾಂ ಗುಳಿಗೆ ನಾಡಿಯನ್ನು ಮೊದಲಿಗಿಂತ ಹೆಚ್ಚು ಇಳಿಸತೊಡಗಿತು. ಥೈರಾಯ್ಡ್ ಉಕ್ಕಿದಾಗ ದೇಹ ಔಷಧವನ್ನೂ ಬೇಗಬೇಗ ಖರ್ಚು ಮಾಡುತ್ತದೆ. ಹಾರ್ಮೋನು ಹದಕ್ಕೆ ಬಂದ ಮೇಲೆ ಅಷ್ಟೇ ಗುಳಿಗೆ ರಕ್ತದಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ. ನಾಡಿ ಅರವತ್ತರ ಕೆಳಗೆ ಬಂದರೆ ತಿಳಿಸಿ ಎಂದು ತಜ್ಞರು ಮೊದಲೇ ಹೇಳಿದ್ದರು. ತಿಳಿಸಿದೆ. ರಕ್ತ ಪರೀಕ್ಷೆಯಲ್ಲಿ ಟಿ4 ಸರಿಯಾದ ಮಟ್ಟಕ್ಕೆ ಬಂದದ್ದನ್ನು ನೋಡಿ ಪ್ರೊಪ್ರನೊಲಾಲ್ ಬಿಡಿಸಲು ನಿರ್ಧರಿಸಿದರು, ಆದರೆ ಒಮ್ಮೆಲೇ ಬಿಡಿಸಲಿಲ್ಲ. ಮೊದಲು 10 ಮಿಲಿಗ್ರಾಂ ಮೂರು ಸಲ, ಆಮೇಲೆ ಎರಡು ಸಲ, ಕೊನೆಗೆ ಬೆಳಿಗ್ಗೆ ಒಂದು ಎಂದು ಕೆಲವು ವಾರಗಳ ಕಾಲ ಇಳಿಸುತ್ತ ಬಂದರು. ತಡೆ ಬಹಳ ಕಾಲ ಇದ್ದಾಗ ದೇಹ ಅದನ್ನು ಸರಿದೂಗಿಸಲು ಹೊಸ ಗ್ರಾಹಕಗಳನ್ನು ಬೆಳೆಸಿಕೊಳ್ಳುತ್ತದೆ. ಥಟ್ಟನೆ ಗುಳಿಗೆ ನಿಲ್ಲಿಸಿದರೆ ಮೊದಲಿನವೂ ಹೊಸವೂ ಎಲ್ಲವೂ ಒಟ್ಟಿಗೇ ಅಡ್ರಿನಾಲಿನ್‌ಗೆ ತೆರವಾಗಿ ನಾಡಿ, ಬಿಪಿ ಎರಡೂ ಜಿಗಿಯುತ್ತವೆ. ಹೃದಯದ ರಕ್ತನಾಳದ ಕಾಯಿಲೆ ಇರುವವರಿಗೆ ಇದರಿಂದ ಎದೆನೋವು, ಹೃದಯಾಘಾತವೂ ಆಗಬಹುದು. ಅಮೆರಿಕದಲ್ಲಿ ಈ ಔಷಧದ ಮಾಹಿತಿ ಪತ್ರದ ಮೇಲೆ ಇದನ್ನೇ ಚೌಕಟ್ಟು ಹಾಕಿ ಎಚ್ಚರಿಕೆಯಾಗಿ ಮುದ್ರಿಸುತ್ತಾರೆ. ಊರಿಗೆ ಹೋಗುವಾಗ, ಜಾತ್ರೆಗೆ ಹೋಗುವಾಗ ಯಜಮಾನರ ಗುಳಿಗೆಯ ಪಟ್ಟಿ ಎರಡು ಕಡೆ ಇಡುತ್ತೇವೆ, ಒಂದು ಅವರ ಕಿಸೆಯಲ್ಲಿ, ಇನ್ನೊಂದು ನನ್ನ ಪರ್ಸಿನಲ್ಲಿ.

ಈಗ ನಾನು ಕಾರ್ಬಿಮಜೋಲ್ ಮಾತ್ರ ತೆಗೆದುಕೊಳ್ಳುತ್ತಿದ್ದೇನೆ, ನಾಡಿ 76ರ ಆಸುಪಾಸಿನಲ್ಲಿದೆ. ಯಜಮಾನರು ಮಾತ್ರ ತಮ್ಮ ಹೃದಯ ತಜ್ಞರಲ್ಲಿ ಒಂದು ಪ್ರಶ್ನೆ ಇಟ್ಟರು: ನಿನ್ನದು ಬಿಟ್ಟಿತು, ನನ್ನದು ಎಂದು ಬಿಡುವುದು ಎಂದು ಮನೆಯಲ್ಲಿ ನನ್ನನ್ನು ಕೇಳಿದ್ದನ್ನೇ ಅಲ್ಲಿಯೂ ಕೇಳಿದರು. ಹೃದಯಾಘಾತವಾದವರೆಲ್ಲ ಬೀಟಾ ಬ್ಲಾಕರ್ ಮುಂದುವರಿಸಬೇಕೇ ಎಂಬ ವಿಚಾರ ಈಗ ಬದಲಾಗುತ್ತಿದೆ ಎಂದು ಆ ತಜ್ಞರು ಒಪ್ಪಿಕೊಂಡರು. ಬಹುಪಾಲು ಸ್ವೀಡನ್ನಿನಲ್ಲಿ ಐದು ಸಾವಿರ ರೋಗಿಗಳ ಮೇಲೆ ನಡೆದು 2024ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಪಂಪಿನ ಶಕ್ತಿ ಶೇಕಡಾ 50ರಷ್ಟು ಅಥವಾ ಅದಕ್ಕಿಂತ ಹೆಚ್ಚು ಉಳಿದವರಿಗೆ ಈ ಗುಳಿಗೆಯಿಂದ ಸಾವು ಅಥವಾ ಮರು ಹೃದಯಾಘಾತದ ಪ್ರಮಾಣ ಕಡಿಮೆಯಾಗಲಿಲ್ಲ. "ಆದ್ರ ನಿಮ್ಮ ಲೆಕ್ಕ ಬ್ಯಾರೆ ಐತ್ರಿ, ನಿಮ್ಮ ಎಕೋ ಮೂವತ್ತೆಂಟು ಇದ್ದದ್ದು ಈ ಗುಳಿಗಿ ಮ್ಯಾಲೇ ನಾಲ್ವತ್ನಾಲ್ಕಕ್ಕ ಬಂದೈತಿ" ಎಂದು ಹೇಳಿ, ಮೆಟೊಪ್ರೊಲಾಲ್ 50 ಮಿಲಿಗ್ರಾಂ ದಿನಕ್ಕೊಂದರಂತೆ ಹಾಗೆಯೇ ಮುಂದುವರಿಸಲು ಬರೆದು, ಆರು ತಿಂಗಳ ನಂತರ ಮತ್ತೆ ಎಕೋ ಮಾಡಿಸಿಕೊಂಡು ಬರಲು ತಿಳಿಸಿದ್ದಾರೆ.